ಭಾವ ಬರೆದ ಬಯೋಡೇಟಾ ಬೇಡ

ಡೊಂಬಿವಲಿಯ ಓದುಗಿಯೊಬ್ಬರ ಪತ್ರ ಓದಿ ನನಗೆ ಸಿಟ್ಟು ಬಂದಿತು. ಅವರ ಮೇಲಲ್ಲ, ಅವರ ಭಾವನ ಮೇಲೆ.

ಇವರಿಗೆ ಇಪ್ಪತ್ತಾರು ವರ್ಷ. ಕುಂದಾಪುರದ ಕಡೆಯಿಂದ ಬಂದ ತಂದೆ ಫೋರ್ಟಿನ ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಮಗಳು ಎಂ.ಎಸ್ಸಿ. ಮುಗಿಸಿ ಮೂರು ವರ್ಷಗಳಿಂದ ಮುಂಬಯಿಯ ಒಂದು ಕ್ಯಾನ್ಸರ್ ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದಾರೆ. ಮುಂದಿನ ತಿಂಗಳು ಪುಣೆಯಲ್ಲಿ ಪಿಎಚ್.ಡಿ. ಸಂದರ್ಶನ. ಹೆಸರಿನಲ್ಲಿ ಒಂದೂ ಸಂಶೋಧನಾ ಪೇಪರ್ ಇಲ್ಲ. ಐಟಿ ಕಂಪನಿಯಲ್ಲಿರುವ ಭಾವ ಇವರಿಗಾಗಿ ಬಯೋಡೇಟಾ ಸಿದ್ಧಪಡಿಸಿದ್ದಾರೆ. ಫ್ಲೋ ಸೈಟೋಮೆಟ್ರಿ (ಹೊಳೆಯುವ ಬಣ್ಣ ಹಾಕಿದ ಕೋಶಗಳನ್ನು ಒಂದೊಂದಾಗಿ ಅಳೆಯುವ ವಿಧಾನ), ಕಾನ್‌ಫೋಕಲ್ ಮೈಕ್ರೋಸ್ಕೋಪ್, ಇಲಿಗಳ ಮೇಲಿನ ಪ್ರಯೋಗ, ಎಲ್ಲದರಲ್ಲೂ ಪರಿಣತಿ ಇದೆ ಎಂದು ಅದರಲ್ಲಿದೆ. ಇವರು ಅವುಗಳನ್ನು ಬೇರೆಯವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದವರು. ‘ಎಲ್ಲರೂ ಹೀಗೆಯೇ ಬರೆಯುತ್ತಾರಂತೆ, ಕಳುಹಿಸಲೇ?’ ಎಂದು ಕೇಳಿದ್ದಾರೆ.

ಕಳುಹಿಸಬೇಡಿ. ಫ್ಲೋ ಸೈಟೋಮೆಟ್ರಿ ಗೊತ್ತು ಎಂದವರನ್ನು ಸಂದರ್ಶಕರು ಯಾವ ಬಣ್ಣಗಳನ್ನು ಬಳಸಿದಿರಿ, ಒಂದರ ಬೆಳಕು ಇನ್ನೊಂದರಲ್ಲಿ ಸೇರಿಕೊಂಡಾಗ ಹೇಗೆ ಸರಿಪಡಿಸಿದಿರಿ ಎಂದು ಕೇಳುತ್ತಾರೆ. ಅಲ್ಲಿಗೆ ಭಾವನ ಪಟ್ಟಿ ಮುಗಿಯಿತು. ಆಮೇಲೆ ನೀವು ನಿಜವಾಗಿ ಮಾಡಿದ ಕೆಲಸವನ್ನೂ ಅವರು ನಂಬುವುದಿಲ್ಲ. ನಾಲ್ವರ ಮುಂದೆ ತಲೆ ತಗ್ಗಿಸಬೇಕಾದವರು ನೀವು, ಭಾವ ಅಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರದ ಕೊನೆಯ ಪುಟದಲ್ಲಿರುವ ಒಂದು ವಾಕ್ಯ: ‘ಒಮ್ಮೆ ಮೈಕೋಪ್ಲಾಸ್ಮಾ ಇರುವುದನ್ನು ನಾನೇ ಕಂಡುಹಿಡಿದೆ. ಅದು ದೊಡ್ಡ ವಿಷಯವಲ್ಲ, ಅದರಿಂದ ನಮ್ಮ ಪೇಪರ್ ತಡವಾಯಿತು, ಅಷ್ಟೇ.’

ದೊಡ್ಡ ವಿಷಯವಲ್ಲವೇ? ಮೈಕೋಪ್ಲಾಸ್ಮಾ ಎಂದರೆ ಪ್ರಯೋಗಾಲಯದಲ್ಲಿ ಬೆಳೆಸುವ ಕೋಶಗಳೊಳಗೆ ಸೇರಿಕೊಳ್ಳುವ ಅತಿ ಸಣ್ಣ ಬ್ಯಾಕ್ಟೀರಿಯಾ. ಅದಕ್ಕೆ ಕೋಶಭಿತ್ತಿಯೇ ಇಲ್ಲ, ಹಾಗಾಗಿ ಪೆನಿಸಿಲಿನ್ ಅದಕ್ಕೆ ತಾಗುವುದಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು ಕಾಣಿಸುವುದಿಲ್ಲ. ಬೇರೆ ಬ್ಯಾಕ್ಟೀರಿಯಾ ಸೇರಿದರೆ ಕೋಶ ಬೆಳೆಸುವ ದ್ರಾವಣ ಕದಡುತ್ತದೆ, ಇದು ಸೇರಿದರೆ ತಿಳಿಯಾಗಿಯೇ ಇರುತ್ತದೆ. ಹೀಗೆ ತಿಂಗಳುಗಟ್ಟಲೆ ಸುಳ್ಳು ಫಲಿತಾಂಶ ಬರುತ್ತಿದ್ದರೂ ಯಾರಿಗೂ ತಿಳಿಯುವುದಿಲ್ಲ. ಕೋಶಗಳು ನಿಧಾನವಾಗಿ ಬೆಳೆಯುತ್ತಿವೆ ಎಂದಾಗ ಸೀನಿಯರ್‌ಗಳು ನಿಮ್ಮ ಕೈಗುಣವನ್ನು ಬೈದರು. ನೀವು ಸಂಜೆ ಉಳಿದು, ಡಿಎನ್‌ಎಗೆ ಅಂಟುವ ಬಣ್ಣ ಹಾಕಿ ನೋಡಿದಿರಿ. ನ್ಯೂಕ್ಲಿಯಸ್ ಮಾತ್ರ ನೀಲಿಯಾಗಿ ಹೊಳೆಯಬೇಕಿದ್ದ ಕಡೆ ಸುತ್ತಲೂ ಸಣ್ಣ ನೀಲಿ ಚುಕ್ಕೆಗಳು. ಮರುದಿನ ಪಿಸಿಆರ್ ಮಾಡಿ ಖಚಿತಪಡಿಸಿಕೊಂಡು, ದಿನಾಂಕ ಸಮೇತ ನೋಟ್‌ಬುಕ್ಕಿನಲ್ಲಿ ಬರೆದು, ಗೈಡ್ ಮುಂದಿಟ್ಟಿರಿ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಬರುತ್ತದೆ ಎನ್ನುತ್ತಾರಲ್ಲ, ಸೀನಿಯರ್‌ಗಳು ಮಾತು ಬಿಟ್ಟರು. ಗೈಡ್ ಮಾತ್ರ ಆ ಕೋಶಗಳನ್ನೆಲ್ಲ ನಾಶಪಡಿಸಿ ಹೊಸದಾಗಿ ಶುರು ಮಾಡಿಸಿದರು. ಅವರ ಬಗ್ಗೆ ನೀವು ಬರೆದಿರುವ ದೂರುಗಳನ್ನೆಲ್ಲ ಓದಿದೆ. ಇದೊಂದಕ್ಕಾಗಿ ನಾನು ಅವರ ಪಕ್ಷ.

ನಿಮ್ಮದೇ ಊರಿನ ಪರೇಲಿನಲ್ಲಿ ಹಾಫ್‌ಕಿನ್ ಸಂಸ್ಥೆಯಿದೆ. ಪ್ಲೇಗ್ ಲಸಿಕೆ ತಯಾರಿಸಿದ ವಾಲ್ಡೆಮಾರ್ ಹಾಫ್‌ಕಿನ್ ಅದನ್ನು 1897ರಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಆ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಷ್ಟೂ ಜನರಿಗೆ ಚುಚ್ಚಿದ್ದು ಒಂದೇ ಬಾಟಲಿಯ ಲಸಿಕೆ. ತಪ್ಪು ಪರೇಲಿನ ಪ್ರಯೋಗಾಲಯದ ಮೇಲೆ ಬಿತ್ತು, ಹಾಫ್‌ಕಿನ್ ಅಮಾನತಾದರು. ಆದರೆ ಆ ಹಳ್ಳಿಯಲ್ಲೇ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸಿರಲಿಲ್ಲ. ಆರೋಪ ಕಳಚಲು 1907 ಬರಬೇಕಾಯಿತು. ಸೋಂಕು ಎಲ್ಲಿ ಹೊಕ್ಕಿತು ಎಂದು ಹೊತ್ತಿಗೆ ಸರಿಯಾಗಿ ಕಂಡು ಹೇಳುವವರು ಪ್ರಯೋಗಾಲಯಕ್ಕೆ ಎಷ್ಟು ಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ.

ದುಡಿದವರ ಕೆಲಸವನ್ನು ದುಡಿದವರೇ ಬರೆಯಬೇಕು ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಇನ್ನು ಮುಂದೆಯೂ ಬರೆಯುತ್ತೇನೆ. ಮನೆಯ ಗಂಡಸರು ಪ್ರೀತಿಯಿಂದಲೇ ಲೇಖನಿ ಕಸಿದುಕೊಳ್ಳುತ್ತಾರೆ, ಹುಡುಗಿಯರು ಕೃತಜ್ಞತೆಯಿಂದಲೇ ಕೊಟ್ಟುಬಿಡುತ್ತಾರೆ. ನಿಮ್ಮ ಭಾವನಿಗೆ ನಿಮ್ಮ ಮೂರು ವರ್ಷದ ಒಂದು ದಿನವೂ ಗೊತ್ತಿಲ್ಲ. ಗೊತ್ತಿದ್ದರೆ ಮೈಕೋಪ್ಲಾಸ್ಮಾವನ್ನು ಬಿಟ್ಟು ಇಲಿಗಳನ್ನು ಸೇರಿಸುತ್ತಿರಲಿಲ್ಲ.

ಈ ಭಾನುವಾರ ಒಂದೇ ಕೆಲಸ ಮಾಡಿ. ಹೊಸ ಹಾಳೆಯಲ್ಲಿ ಆ ಘಟನೆಯನ್ನು ಐದು ಸಾಲುಗಳಲ್ಲಿ ಬರೆಯಿರಿ: ಏನು ಅನುಮಾನ ಬಂತು, ಏನು ಪರೀಕ್ಷೆ ಮಾಡಿದಿರಿ, ಏನು ಕಂಡಿತು, ಆಮೇಲೆ ಏನು ಬದಲಾಯಿತು, ಆ ಕೋಶಗಳಿಂದ ಬಂದ ಫಲಿತಾಂಶಗಳು ಏನಾದವು. ಅದು ಬಯೋಡೇಟಾದ ಮೇಲ್ಭಾಗದಲ್ಲಿ ಇರಲಿ. ಅದರ ಕೆಳಗೆ ಕೋಶ ಬೆಳೆಸುವುದು, ಪ್ರೋಟೀನ್ ಪತ್ತೆಮಾಡುವ ವೆಸ್ಟರ್ನ್ ಬ್ಲಾಟ್, ಪಿಸಿಆರ್, ಹೀಗೆ ಸ್ವಂತ ಕೈಯಿಂದ ಮಾಡಿದ್ದು ಮಾತ್ರ ಬರಲಿ. ನೋಡಿ ಕಲಿತದ್ದನ್ನು ‘ನೋಡಿದ್ದೇನೆ’ ಎಂದೇ ಬರೆಯಿರಿ. ಸೋಮವಾರ ಅದನ್ನು ಗೈಡ್‌ಗೆ ತೋರಿಸಿ, ಶಿಫಾರಸು ಪತ್ರದಲ್ಲಿ ಇದನ್ನು ನಮೂದಿಸುವಂತೆ ಕೇಳಿ. ಬಯೋಡೇಟಾ ಪುಣೆಗೆ ಕಳುಹಿಸಿದ ಮೇಲೆ ಭಾವನಿಗೆ ತೋರಿಸಿದರೆ ಸಾಕು.