ಗಿಟಾರ್ ಒಳಗಿನ ಬ್ರೇಸ್ ಕೆತ್ತಿದರೆ ಬೇಸ್ ಹೆಚ್ಚುತ್ತದೆಯೇ?

ಐದು ಸಾವಿರದ ಗಿಟಾರ್, ಬೇಸ್ (ಕೆಳಸ್ವರದ ತುಂಬು ದನಿ) ಸಾಲುತ್ತಿಲ್ಲ, ಸೌಂಡ್‌ಹೋಲ್ (ನಡುವಿನ ತೂತು) ಒಳಗೆ ಕೈ ಹಾಕಿ ಬ್ರೇಸ್ (ಮೇಲಿನ ಹಲಗೆಯ ಒಳಮೈಗೆ ಅಂಟಿಸಿದ ಆಧಾರದ ಮರಪಟ್ಟಿ) ಕೆತ್ತಲೇ ಅಂತ ಕೇಳಿದ್ದೀರಿ. ಬೇಡ. ಇದೇ ಆಸೆಗೆ ಬಿದ್ದು, ಇಲ್ಲೇ ಬಳ್ಳಾರಿಯಲ್ಲಿ, ನಾನೊಂದು ಒಳ್ಳೆಯ ಗಿಟಾರ್ ಹಾಳು ಮಾಡಿದ್ದೇನೆ.

ಅದರ ಮೇಲಿನ ಹಲಗೆ ಪ್ಲೈ ಅಲ್ಲ, ಅಸಲಿ ಸ್ಪ್ರೂಸ್ ಮರ. ಒಳಗೆ ಎಕ್ಸ್ ಬ್ರೇಸ್, ಅಂದರೆ X ಆಕಾರದಲ್ಲಿ ಒಂದನ್ನೊಂದು ದಾಟುವ ಎರಡು ಪಟ್ಟಿ. ತಂತಿಗಳನ್ನು ಹಲಗೆಗೆ ಹಿಡಿದಿಡುವ ಬ್ರಿಡ್ಜ್‌ನ ಎರಡೂ ತುದಿಗಳ ಕೆಳಗೆ ಹಾದುಹೋಗುವ ಆ ಪಟ್ಟಿಗಳ ಎತ್ತರ 15 ಮಿ.ಮೀ. ಇತ್ತು. ಸಣ್ಣ ಉಳಿಯಿಂದ 10ಕ್ಕೆ ಇಳಿಸಿದೆ. ಮೂರರಲ್ಲಿ ಒಂದು ಪಾಲು ಹೋಯಿತು, ಎರಡು ಪಾಲು ಬಲ ಉಳಿದಿದೆ ಎಂದು ಲೆಕ್ಕ ಹಾಕಿದೆ. ತಪ್ಪಿದ್ದು ಇಲ್ಲಿ. ಪಟ್ಟಿಯ ಅಗಲ ಅರ್ಧ ಮಾಡಿದರೆ ಬಿಗಿತ ಅರ್ಧವಾಗುತ್ತದೆ. ಎತ್ತರ ಅರ್ಧ ಮಾಡಿದರೆ ಎಂಟನೇ ಒಂದಕ್ಕೆ ಇಳಿಯುತ್ತದೆ, ಯಾಕೆಂದರೆ ಎತ್ತರದ ಲೆಕ್ಕ ಘನದಲ್ಲಿ (ಎತ್ತರ × ಎತ್ತರ × ಎತ್ತರ) ನಡೆಯುತ್ತದೆ. 15ರಿಂದ 12ಕ್ಕೆ ಬಂದಾಗಲೇ ಹೆಚ್ಚುಕಡಿಮೆ ಅರ್ಧ ಬಿಗಿತ ಹೋಗಿತ್ತು. 10ಕ್ಕೆ ಬಂದಾಗ ಉಳಿದದ್ದು ಶೇ. 30. ಉಳಿಗೆ ಸಿಕ್ಕ ಮರದ ಸಿಪ್ಪೆ ಒಂದು ಹಿಡಿಯೂ ಇರಲಿಲ್ಲ.

ಎರಡು ವಾರ ಬೇಸ್ ತುಂಬಿ ಬಂತು, ಅದು ನಿಜ. ಹಲಗೆ ಸಡಿಲವಾದಷ್ಟೂ ಕೆಳಸ್ವರಕ್ಕೆ ಸುಲಭವಾಗಿ ಕುಣಿಯುತ್ತದೆ. ಆದರೆ .012 ಸೆಟ್‌ನ (ಅತಿ ತೆಳು ತಂತಿ 0.012 ಇಂಚು ದಪ್ಪ) ಸ್ಟೀಲ್ ತಂತಿಗಳು ಸೇರಿ 70 ಕಿಲೋಗೂ ಮೇಲೆ ಎಳೆಯುತ್ತವೆ. ಗಂಗಾವತಿ ಸೋನಾಮಸೂರಿಯ 25 ಕಿಲೋ ಚೀಲ ಹೆಚ್ಚುಕಡಿಮೆ ಮೂರು. ಏಪ್ರಿಲ್ ಬಿಸಿಲು ಶುರುವಾದ ಮೇಲೆ ಬ್ರಿಡ್ಜ್ ಹಿಂದೆ ಹಲಗೆ ಉಬ್ಬಿತು, ಮುಂದೆ ಸೌಂಡ್‌ಹೋಲ್ ಕಡೆ ತಗ್ಗಾಯಿತು. ಬ್ರಿಡ್ಜ್ ಹಿಂದೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟರೆ ಅದು ನಡುವೆ ಕೂತು ಎರಡೂ ತುದಿಯಲ್ಲಿ ಬೆಳಕು ಕಾಣುತ್ತಿತ್ತು. ಹನ್ನೆರಡನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಮೇಲೆ ತಂತಿಯ ಎತ್ತರ 2.5ರಿಂದ 4 ಮಿ.ಮೀ. ಆಯಿತು. ಕೆತ್ತಿದ ಮರ ಮರಳಿ ಬರುವುದಿಲ್ಲ.

ಪಟ್ಟಿಯ ನಡುವೆ ತಗ್ಗು ತೆಗೆಯುವ ಸ್ಕ್ಯಾಲಪಿಂಗ್ ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿಯ ಹಳೇ ಪದ್ಧತಿ. ಜನ ದಪ್ಪ ತಂತಿ ಹಾಕತೊಡಗಿದ್ದರಿಂದ 1944ರಲ್ಲಿ ಅವರೇ ಅದನ್ನು ಬಿಟ್ಟರು, 1976ರಲ್ಲಿ ಎಚ್‌ಡಿ-28 ಎಂಬ ಮಾದರಿಯಲ್ಲಿ ಮತ್ತೆ ತಂದರು. ಅವರು ಹಲಗೆ ಅಂಟಿಸುವ ಮೊದಲು, ಡಬ್ಬಿ ತೆರೆದಿರುವಾಗ, ಕಣ್ಣೆದುರಿಗೆ ಇಟ್ಟು ಕೆತ್ತುತ್ತಾರೆ. ನೀವು ಕತ್ತಲಲ್ಲಿ, ಮುಂಗೈ ಸೊಟ್ಟ ಮಾಡಿಕೊಂಡು ಕೆತ್ತುತ್ತೀರಿ.

ಇನ್ನು ನಿಮ್ಮ ಗಿಟಾರ್. ಸೌಂಡ್‌ಹೋಲ್ ಅಂಚು ನೋಡಿ: ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಅಸಲಿ ಹಲಗೆ, ಪದರ ಪದರ ಕಂಡರೆ ಪ್ಲೈ. ಈ ಬೆಲೆಗೆ ಬಹಳ ಸಲ ಪ್ಲೈಯೇ ಇರುತ್ತದೆ. ಅಡ್ಡ-ಉದ್ದ ಪದರಗಳ ಆ ಹಲಗೆಯೇ ಬಿಗಿ ಮತ್ತು ಭಾರ, ಬ್ರೇಸ್ ಎಷ್ಟು ಕೆತ್ತಿದರೂ ಸ್ಪ್ರೂಸ್‌ನ ದನಿ ಬರದು. ಬ್ರೇಸ್ ಕಳಚಿ ದನಿ ಸತ್ತಿರುವುದೂ ಉಂಟು, ಮೊದಲು ಅದನ್ನು ನೋಡಿ. ಬೆರಳ ಗೆಣ್ಣಿನಿಂದ ಹಲಗೆಯನ್ನು ಎರಡು ಇಂಚಿಗೊಮ್ಮೆ ತಟ್ಟಿ. ಎಲ್ಲಿ "ಚರ್" ಎನ್ನುತ್ತದೋ ಅಲ್ಲಿ ಪಟ್ಟಿಗೂ ಹಲಗೆಗೂ ನಡುವೆ ತೆಳು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ತಂತಿ ಸಡಿಲಿಸಿ, ಅದೇ ಸಂದಿಗೆ ಹಳದಿ ಮರದಂಟು ತುಂಬಿ, ಒಳಗಿನಿಂದ ಒತ್ತುಗೊಟ್ಟು 24 ತಾಸು ಬಿಡಿ. ಬಿಳಿ ಅಂಟು ಬೇಡ, ನಮ್ಮ ಊರಿನ ಬೇಸಿಗೆಗೆ ಅದು ಮೆತ್ತಗಾಗಿ ಎಳೆತಕ್ಕೆ ಜಾರುತ್ತದೆ.

ಪಟ್ಟಿಗಳೆಲ್ಲ ಭದ್ರವಾಗಿದ್ದರೆ ಹೊಸ ಫಾಸ್ಫರ್ ಬ್ರಾಂಜ್ ತಂತಿ ಹಾಕಿ ಬಾರಿಸಿ. ಆಗಲೂ ಬೇಸ್ ಸಾಲದಿದ್ದರೆ ಆ ಗಿಟಾರ್‌ನಲ್ಲಿ ಇರುವುದೇ ಅಷ್ಟು; ಅಸಲಿ ಸ್ಪ್ರೂಸ್ ಹಲಗೆಯ ಗಿಟಾರ್‌ಗೆ ದುಡ್ಡು ಕೂಡಿಡಿ.