ಓದುಗರ ಪ್ರಶ್ನೆ: ಕಿವಿ ಕೇಳದವರು ಡಾಕ್ಟರ ಮುಂದೆ ಕೂತಾಗ

ಪ್ರಶ್ನೆ: ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಸನ್ನೆ ಭಾಷೆಯಲ್ಲೇ ಮಾತು. ಆಸ್ಪತ್ರೆಯಲ್ಲಿ ನಾನೇ ಮಧ್ಯೆ ನಿಂತು ಹೇಳುತ್ತೇನೆ. ದುಭಾಷಿ ಕೇಳಿದರೆ "ನೀವಿದ್ದೀರಲ್ಲ" ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ನಿಮ್ಮ ಸನ್ನೆ ಚೆನ್ನಾಗಿಯೇ ಇರಬಹುದು, ತೊಂದರೆ ಅದಲ್ಲ. ಮನೆಯವರು ಮಧ್ಯೆ ನಿಂತರೆ ಡಾಕ್ಟರ್ ಹತ್ತು ನಿಮಿಷ ಹೇಳಿದ್ದು ಮೂರು ಸನ್ನೆಗೆ ಇಳಿದುಬಿಡುತ್ತದೆ. "ಗಡ್ಡೆ ಇದೆ, ಬಯಾಪ್ಸಿ ಮಾಡಬೇಕು, ಕ್ಯಾನ್ಸರ್ ಇರಲೂಬಹುದು" ಎಂದದ್ದು "ಇನ್ನೊಂದು ಟೆಸ್ಟ್ ಇದೆಯಂತೆ" ಎಂದಾಗುತ್ತದೆ. ಪ್ರೀತಿಯಿಂದಲೇ ಹಾಗಾಗುತ್ತದೆ, ಆದರೂ ವಿಷಯ ಅಮ್ಮನಿಗೆ ಮುಟ್ಟಿರುವುದಿಲ್ಲ. ಅತ್ತ ಅಮ್ಮನೂ ಬಿಳಿಸ್ರಾವ, ಮೂತ್ರದ ತೊಂದರೆ ಇಂಥವನ್ನು ಮಕ್ಕಳ ಕೈಯಲ್ಲಿ ಹೇಳಿಸಲು ಹಿಂಜರಿಯುತ್ತಾರೆ. ಮನೆಯೊಳಗೇ ಏಟು ತಿನ್ನುತ್ತಿರುವವರ ಮಾತಂತೂ ಹೊರಗೆ ಬರುವುದೇ ಇಲ್ಲ. ಚಿಕ್ಕ ಮಕ್ಕಳನ್ನು ಈ ಕೆಲಸಕ್ಕೆ ನಿಲ್ಲಿಸಲೇಬಾರದು.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ದಿನವೇ ಬರವಣಿಗೆಯಲ್ಲಿ ದುಭಾಷಿಯನ್ನು ಕೇಳಿ. ಯಾವ ಸನ್ನೆ ಭಾಷೆ, ಎಷ್ಟು ಹೊತ್ತಿನ ಭೇಟಿ, ಬಟ್ಟೆ ಸರಿಸಿ ನೋಡುವ ತಪಾಸಣೆ ಇದೆಯೇ (ಇದ್ದರೆ ದುಭಾಷಿ ಹೆಂಗಸೇ ಆಗಬೇಕೇ) ಎಂಬಿಷ್ಟೂ ಅದರಲ್ಲಿರಲಿ. ಒಂದು ಗಂಟೆ ಮೀರುವ ಭೇಟಿಗೆ ಇಬ್ಬರು ಬೇಕು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಅವರು ಬದಲಾಗುತ್ತಾರೆ, ಏಕೆಂದರೆ ದಣಿದ ದುಭಾಷಿ ಮಾತು ಬಿಡುತ್ತಾರೆ, ಬಿಟ್ಟದ್ದು ಅವರಿಗೇ ಗೊತ್ತಾಗುವುದಿಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ವೃತ್ತಿಪರ ಸನ್ನೆ ಭಾಷಾ ದುಭಾಷಿಗಳನ್ನು ಹೆಸರಿಸಿಯೇ ಹೇಳುತ್ತದೆ. 25ನೇ ವಿಧಿಯ ಪ್ರಕಾರ ಚಿಕಿತ್ಸೆ ನಡೆಯಬೇಕಾದದ್ದು ರೋಗಿ ತಿಳಿದು ಕೊಟ್ಟ ಒಪ್ಪಿಗೆಯ ಮೇಲೆ. ಮಗಳು ತಿಳಿದು ಕೊಟ್ಟದ್ದರ ಮೇಲಲ್ಲ.

ದುಭಾಷಿ ಡಾಕ್ಟರ ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದೆ ಕೂರಲಿ. ಆಗ ಒಂದೇ ನೋಟಕ್ಕೆ ಇಬ್ಬರೂ ಸಿಗುತ್ತಾರೆ. ಅವರ ಬೆನ್ನಿಗೆ ಕಿಟಕಿ ಇದ್ದರೆ ಕೈಗಳು ಬರೀ ಕಪ್ಪು ನೆರಳು. ಡಾಕ್ಟರ್ ಅಮ್ಮನನ್ನೇ ನೋಡಿ "ನಿಮಗೆ ಎಲ್ಲಿ ನೋವು?" ಎನ್ನಬೇಕೇ ಹೊರತು ದುಭಾಷಿಗೆ "ಅವರಿಗೆ ಎಲ್ಲಿ ನೋವು ಕೇಳಿ" ಎನ್ನಬಾರದು. ನೀವು ಜೊತೆಗಿರಿ, ಮಗಳಾಗಿ.

ಪ್ರಶ್ನೆ: ನಾನು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ. ಡಾಕ್ಟರ ಮುಂದೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ, ಸುಮ್ಮನೆ ತಲೆಯಾಡಿಸಿ ಬರುತ್ತೇನೆ. ಏನು ಮಾಡಲಿ?

ಉತ್ತರ: ದೋಷ ನಿಮ್ಮದಲ್ಲ, ತುಟಿಯದ್ದು. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ, ಹ ಹುಟ್ಟುವುದು ಬಾಯಿಯ ಹಿಂದೆ, ಹೊರಗೆ ಕಾಣುವುದೇ ಇಲ್ಲ. ಕನ್ನಡಿಯ ಮುಂದೆ ದನಿಯಿಲ್ಲದೆ "ಮಾತ್ರೆ", "ಪಾತ್ರೆ" ಎಂದು ನೋಡಿ, ವ್ಯತ್ಯಾಸ ಸಿಗುವುದಿಲ್ಲ. "ಎಪ್ಪತ್ತು", "ಎಂಬತ್ತು" ಕೂಡ ಅಷ್ಟೇ. ಪಾತ್ರೆ ಮಾತ್ರೆಯನ್ನು ಸಂದರ್ಭದಿಂದ ಊಹಿಸಬಹುದು, 70 ಮಿಲಿಗ್ರಾಮೋ 80 ಮಿಲಿಗ್ರಾಮೋ ಎಂಬುದನ್ನು ಊಹಿಸಲು ಬರುವುದಿಲ್ಲ. ಆದ್ದರಿಂದ ಅಂಕಿ, ಔಷಧದ ಹೆಸರು, ತಾರೀಖು ಈ ಮೂರನ್ನು ಬರೆಸಿಕೊಳ್ಳದೆ ಏಳಬೇಡಿ.

ಒಳಗೆ ಹೋದ ಕೂಡಲೇ ಒಂದು ಚೀಟಿ ಮೇಜಿನ ಮೇಲಿಡಿ: "ನನಗೆ ಕೇಳುವುದಿಲ್ಲ, ತುಟಿ ನೋಡುತ್ತೇನೆ. ಮುಖ ನನ್ನ ಕಡೆ ಇರಲಿ, ಕಂಪ್ಯೂಟರ್ ನೋಡುತ್ತ ಮಾತಾಡಬೇಡಿ, ಕೂಗಬೇಡಿ." ಕೂಗಿದರೆ ಬಾಯಿಯ ಆಕಾರವೇ ಕೆಡುತ್ತದೆ. ಮಾಸ್ಕ್ ತೆಗೆಯಲಾಗದಿದ್ದರೆ ಬಾಯಿಯ ಜಾಗ ಪಾರದರ್ಶಕವಾಗಿರುವ ಮಾಸ್ಕ್ ಕೇಳಿ. ಮಾತನ್ನು ಅಕ್ಷರಕ್ಕಿಳಿಸುವ ಮೊಬೈಲ್ ಆ್ಯಪ್ ಕೌಂಟರ್‌ನಲ್ಲಿ ಉಪಯೋಗಕ್ಕೆ ಬರುತ್ತದೆ. ಔಷಧದ ಹೆಸರಿನಲ್ಲಿ ಎಡವುತ್ತದೆ, ಹಾಗಾಗಿ ಆಪರೇಷನ್ನಿನ ಒಪ್ಪಿಗೆಗೆ ಅದನ್ನು ನೆಚ್ಚಬೇಡಿ.

ತಲೆಯಾಡಿಸುವುದು ಬಿಡಿ. ಕೊನೆಯಲ್ಲಿ ನೀವೇ ತಿರುಗಿ ಹೇಳಿ, ಇಲ್ಲವೇ ಬರೆದು ತೋರಿಸಿ: "ಈ ಬಿಳಿ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಐದು ದಿನ." ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ: ನಾನು ನರ್ಸ್. ಓದು ಬರಹ ಬರುವ ಕಿವುಡ ರೋಗಿಗೆ ಕಾಗದದಲ್ಲಿ ಬರೆದು ಕೊಟ್ಟರೆ ಸಾಲದೇ?

ಉತ್ತರ: ಹುಟ್ಟುಕಿವುಡರಲ್ಲಿ ಹಲವರಿಗೆ ಸನ್ನೆಯೇ ಮೊದಲ ಭಾಷೆ, ಬರಹ ಎರಡನೆಯದು. ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ, ಕನ್ನಡದ ಪದಗಳನ್ನು ಕೈಯಲ್ಲಿ ಜೋಡಿಸಿದರೆ ಅದು ಸನ್ನೆ ಭಾಷೆಯಾಗುವುದಿಲ್ಲ. ಬರೆಯಲೇಬೇಕಾದಾಗ ಎರಡರ್ಥದ ಮಾತು ಬೇಡ. "ಟೆಸ್ಟಿಗೆ ಮುಂಚೆ 10 ಗಂಟೆ ಏನೂ ತಿನ್ನಬೇಡಿ" ಎಂಬುದನ್ನೇ ನೋಡಿ. ಹತ್ತು ತಾಸು ಉಪವಾಸವೋ, ಹತ್ತು ಗಂಟೆಯ ಹೊತ್ತಿಗೆ ಮಾತ್ರ ತಿನ್ನಬಾರದೋ? "ಇಂದು ರಾತ್ರಿ 10ಕ್ಕೆ ಊಟ ಮುಗಿಸಿ. ಆಮೇಲೆ ನೀರು ಮಾತ್ರ. ನಾಳೆ ಬೆಳಿಗ್ಗೆ 8ಕ್ಕೆ ರಕ್ತ ತೆಗೆಯುತ್ತೇವೆ" ಎಂದು ಬರೆಯಿರಿ. "ಪಾಸಿಟಿವ್ ಬಂದಿದೆ" ಎಂದರೆ ಒಳ್ಳೆಯ ಸುದ್ದಿ ಎಂದುಕೊಳ್ಳುವವರಿದ್ದಾರೆ. "ರೋಗ ಇದೆ" ಎಂದೇ ಬರೆಯಿರಿ. 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಎಂಬುದರ ಕೆಳಗೆ ಸೂರ್ಯ, ಚಂದ್ರ ಬಿಡಿಸಿ.

ಇನ್ನೊಂದು. ಡ್ರಿಪ್ಪಿನ ಸೂಜಿಯನ್ನು ಅವರು ಹೆಚ್ಚು ಬಳಸುವ ಕೈಗೆ ಚುಚ್ಚಬೇಡಿ, ಎರಡೂ ಕೈ ಕಟ್ಟಿಹಾಕಲೂ ಬೇಡಿ. ಅದು ಅವರ ಬಾಯಿ ಕಟ್ಟಿದ ಹಾಗೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಒಂದು ಸಣ್ಣ ದೀಪ ಉರಿಯಲಿ. "ಉಸಿರು ಹಿಡಿಯಿರಿ" ಎಂಬ ದನಿ ಗಾಜಿನಾಚೆಯ ಸ್ಪೀಕರಿನಿಂದ ಬರುವಂಥದ್ದು, ಆದ್ದರಿಂದ ಮಲಗಿಸುವ ಮೊದಲೇ ಗುರುತು ಗೊತ್ತು ಮಾಡಿಕೊಳ್ಳಿ: ಬೇರೊಂದು ದೀಪ ಹತ್ತಿದರೆ ಹಿಡಿ, ಆರಿದರೆ ಬಿಡು. ಒಮ್ಮೆ ಅಭ್ಯಾಸವನ್ನೂ ಮಾಡಿಸಿ.

ಪ್ರಶ್ನೆ: ಹೊರಗೆ ಕಾಯುವಾಗ ಹೆಸರು ಕೂಗುತ್ತಾರೆ, ನನ್ನ ಸರದಿ ತಪ್ಪುತ್ತದೆ.

ಉತ್ತರ: ಚೀಟಿ ಮಾಡಿಸುವಾಗಲೇ ಹೇಳಿ, ಯಾವ ಕುರ್ಚಿಯಲ್ಲಿ ಕೂರುತ್ತೀರೆಂದು ತೋರಿಸಿ, ಬಂದು ಭುಜ ಮುಟ್ಟಿ ಕರೆಯಲಿ. ಫೈಲಿನ ಮೇಲೂ ಬರೆಸಿ. ಬೆಳಿಗ್ಗೆ ಕೇಳಿಸಿಕೊಂಡ ಸಿಬ್ಬಂದಿ ಮಧ್ಯಾಹ್ನ ಬದಲಾಗಿರುತ್ತಾರೆ.

ಪ್ರಶ್ನೆ: ವಿಡಿಯೋ ಕರೆಯಲ್ಲಿ ದುಭಾಷಿ ಸಿಕ್ಕರೆ ಸಾಕೇ?

ಉತ್ತರ: ಔಷಧ ಬದಲಾವಣೆ, ರಿಪೋರ್ಟ್ ನೋಡುವುದು ಇಂಥ ಭೇಟಿಗೆ ಸಾಕು. ಕೆಟ್ಟ ಸುದ್ದಿ, ಹೆರಿಗೆ, ಮಾನಸಿಕ ತಪಾಸಣೆಗೆ ದುಭಾಷಿ ಎದುರಿಗೇ ಇರಬೇಕು. ಮೊಬೈಲ್ ಪರದೆ ಸಣ್ಣದು, ಟ್ಯಾಬ್ಲೆಟ್ ಸ್ಟ್ಯಾಂಡಿನ ಮೇಲಿರಲಿ, ಎರಡೂ ಕಡೆ ತಲೆಯಿಂದ ಸೊಂಟದವರೆಗೆ ಕಾಣಲಿ. ಮಾತಿನಲ್ಲಿ ಒಂದೆರಡು ಪದ ನುಂಗಿಹೋದರೂ ಅರ್ಥ ಹಿಡಿಯಬಹುದು, ಚಿತ್ರ ನಿಂತುಹೋದರೆ ಸನ್ನೆಯೇ ಇಲ್ಲ. ಒಳಗಿನ ಕೋಣೆಗಳಲ್ಲಿ, ಸೀಸದ ಗೋಡೆಯ ಎಕ್ಸ್-ರೇ ಕೋಣೆಯಲ್ಲಂತೂ, ಸಿಗ್ನಲ್ ಸತ್ತೇ ಇರುತ್ತದೆ. ಭೇಟಿ ನಡೆಯುವ ಕೋಣೆಯಲ್ಲೇ ಮೊದಲು ಪರೀಕ್ಷಿಸಿ.

ಪ್ರಶ್ನೆ: ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲೆಂದು ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಇದೆ, ಬೇರೆ ಕಾಯಿಲೆಗೆ ಆಪರೇಷನ್ ಆಗಬೇಕಿದೆ. ಏನೇನು ಹೇಳಬೇಕು?

ಉತ್ತರ: ಒಳಗಿನ ಭಾಗದಲ್ಲಿ ಅಯಸ್ಕಾಂತವಿರುತ್ತದೆ. ಎಂಆರ್‌ಐ ಮಾಡಿಸಬಹುದೇ, ಎಷ್ಟು ಟೆಸ್ಲಾದವರೆಗೆ (ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತ ಬಲದ ಅಳತೆ) ಎಂಬುದು ಮಾದರಿಯ ಮೇಲೆ ನಿಂತಿದೆ, ಇಂಪ್ಲಾಂಟ್ ಕಾರ್ಡ್ ಜೇಬಿನಲ್ಲಿರಲಿ. ದನಿ ಹಿಡಿದು ಒಳಗಿನ ಭಾಗಕ್ಕೆ ಕಳಿಸುವ ಹೊರಗಿನ ಪ್ರೊಸೆಸರ್ ಎಂಆರ್‌ಐ ಕೋಣೆಗೆ ಹೋಗಲೇಕೂಡದು. ತಲೆ, ಕತ್ತಿನ ಭಾಗದಲ್ಲಿ ಮೊನೊಪೋಲಾರ್ ಕಾಟರಿ (ಮೈಯೊಳಗೆ ವಿದ್ಯುತ್ ಹರಿಸಿ ಕತ್ತರಿಸುವ, ರಕ್ತ ನಿಲ್ಲಿಸುವ ಉಪಕರಣ) ಬಳಸಬಾರದೆಂದು ಸರ್ಜನ್ನರಿಗೆ ನೆನಪಿಸಿ. ಕಿವಿಯಲ್ಲಿ ಅಷ್ಟಿಷ್ಟು ಸ್ವಂತ ಕೇಳುವಿಕೆ ಉಳಿದಿದ್ದರೆ ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಔಷಧ ಕೊಡುವ ಮುನ್ನ ಯೋಚಿಸಲು ಹೇಳಿ, ಅವು ಒಳಕಿವಿಗೆ ಪೆಟ್ಟು ಕೊಡಬಲ್ಲವು. ಪ್ರೊಸೆಸರನ್ನು ಅರಿವಳಿಕೆ ಕೊಟ್ಟ ಮೇಲೆ ತೆಗೆಯಲಿ, ಹೆಸರು ಬರೆದ ಡಬ್ಬಿಯಲ್ಲಿಡಲಿ, ಎಚ್ಚರವಾಗುತ್ತಿದ್ದಂತೆ ಹಾಕಲಿ. ಕನ್ನಡಕವಿದ್ದರೆ ಅದನ್ನೂ ಮರೆಯದಿರಲಿ.