ಏರ್ ರೈಫಲ್‌ಗೆ ಗಾಳಿ: ಯಾವ ಕಂಪ್ರೆಸರ್?

ಪ್ರಶ್ನೆ: ಮಗಳು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಅದರ ಸಿಲಿಂಡರಿಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಬಹುದೇ? ಸ್ವಂತ ಕಂಪ್ರೆಸರ್ ಕೊಳ್ಳುವುದಾದರೆ ಏನು ಗಮನಿಸಬೇಕು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಪಂಕ್ಚರ್ ಅಂಗಡಿಯ ಯಂತ್ರ ಸುಮಾರು 10 ಬಾರ್ ಒತ್ತಡಕ್ಕೇ ನಿಲ್ಲುತ್ತದೆ, ಸ್ಪರ್ಧೆಯ ರೈಫಲ್‌ಗೆ ಸಾಮಾನ್ಯವಾಗಿ 200 ಬಾರ್ ಬೇಕು. ಕೊಳ್ಳುವಾಗ ಬೆಲೆಗಿಂತ ಮೊದಲು ತೇವಾಂಶ ಮತ್ತು ಎಣ್ಣೆಯನ್ನು ಬೇರ್ಪಡಿಸುವ ಫಿಲ್ಟರ್ ಹೇಗಿದೆಯೆಂದು ನೋಡಿ. ಗಾಳಿಯನ್ನು ಇಷ್ಟು ಬಿಗಿಯಾಗಿ ಹಿಂಡಿದಾಗ ಅದರಲ್ಲಿದ್ದ ನೀರಾವಿ ಹನಿಗಟ್ಟುತ್ತದೆ. ನಿಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಡ್ರೈನ್ ವಾಲ್ವ್ ತಿರುಗಿಸಿದೊಡನೆ ಎಣ್ಣೆ ಬೆರೆತ ನೀರು ಹಾಲಿನಂತೆ ಬೆಳ್ಳಗೆ ಬುಸ್ಸೆಂದು ಚಿಮ್ಮುವುದನ್ನು ಕಾಣುವಿರಿ. ಅದು ಸಿಲಿಂಡರಿನೊಳಗೆ ಹೋದರೆ ಲೋಹ ಸವೆಯುತ್ತದೆ, ಗಾಳಿಯ ಒತ್ತಡವನ್ನು ಒಂದೇ ಸಮನಾಗಿಡುವ ರೆಗ್ಯುಲೇಟರ್ ಕೆಡುತ್ತದೆ, ಗುಂಡಿನ ವೇಗ ಏರುಪೇರಾಗುತ್ತದೆ. ಆದ್ದರಿಂದ ಯಂತ್ರ ಓಡುವಾಗ ಕೆಲವು ನಿಮಿಷಗಳಿಗೊಮ್ಮೆ ನೀರನ್ನು ಹೊರಬಿಡಿ, ಬಿಸಿಯೇರಿದರೆ ನಿಲ್ಲಿಸಿ ಆರಲು ಬಿಡಿ, ನಿಧಾನವಾಗಿ ತುಂಬಿ. ಆಕ್ಸಿಜನ್ನನ್ನು ಎಂದಿಗೂ ತುಂಬಬೇಡಿ. ಎಣ್ಣೆಯ ಸೋಂಕಿದ್ದರೆ ಸ್ಫೋಟವೇ ಆದೀತು. ಸಿಲಿಂಡರ್ ಮೇಲೆ ಅಚ್ಚಾಗಿರುವ ಅವಧಿಯನ್ನೂ ಓದಿಕೊಳ್ಳಿ. ಅವಧಿ ಮುಗಿದದ್ದನ್ನು ಬಳಸಲೇಬಾರದು.

ಒಂದೇ ರೈಫಲ್ ಇರುವ ಮನೆಗೆ ಕಂಪ್ರೆಸರ್ ಹೊರೆಯೆಂದೇ ನನ್ನ ಅಭಿಪ್ರಾಯ. ಅಧಿಕ ಒತ್ತಡದ ಕೈಪಂಪು, ಇಲ್ಲವೇ ತರಬೇತಿ ಕೇಂದ್ರದ ದೊಡ್ಡ ಸಿಲಿಂಡರ್ ಸಾಕಾಗುತ್ತದೆ.